ಕರೆಂಟ್ ಹೋಗಿ ಬಂದ ಮೇಲೆ ರೀಫ್ ಟ್ಯಾಂಕ್: ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಬಗೆ

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಏನೋ ಎಡವಟ್ಟಾಗಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ‘ಯಾವಾಗ ಶುರುವಾಯ್ತು?’ ಅಂತ. ಕರೆಂಟ್ ಹೋದ ಐದು-ಹತ್ತು ನಿಮಿಷದಲ್ಲೇ ನೆಲ ಒದ್ದೆಯಾಗಿದ್ದರೆ ತಪ್ಪು ಪೈಪಿನದು. ಒಂದೆರಡು ಗಂಟೆ ಕಳೆದ ಮೇಲೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಕರೆಂಟ್ ವಾಪಸ್ ಬಂದ ಮೇಲೆ ರಗಳೆ ಶುರುವಾಗಿದ್ದರೆ ಪಂಪು, ಹೀಟರು, ಟೈಮರುಗಳಲ್ಲಿ ಒಂದನ್ನು ಹಿಡಿಯಬೇಕು. ಎಲ್ಲ ಸರಿಹೋಯ್ತು ಅಂದುಕೊಂಡು ಮಲಗಿ, ಮರುದಿನ ನೋಡಿದರೆ ಹವಳ ಮುದುಡಿಕೊಂಡಿದೆಯೇ? ಆಗ ಅಮೋನಿಯಾ, ಉಪ್ಪಿನ ಅಂಶ, ಡೋಸಿಂಗ್ (ಹವಳಕ್ಕೆ ಬೇಕಾದ ಖನಿಜವನ್ನು ಅಳೆದು ಹಾಕುವುದು) ಕಡೆ ತಿರುಗಬೇಕು. ಒಂದೇ ಲಕ್ಷಣಕ್ಕೆ ಹತ್ತು ಕಾರಣ ಇರಬಹುದು. ಹೊತ್ತು ಗೊತ್ತಾದರೆ ಹತ್ತು ಎರಡಕ್ಕಿಳಿಯುತ್ತದೆ. ಕೆಳಗಿನದ್ದೆಲ್ಲ ಆ ಹೊತ್ತಿನ ಕ್ರಮದಲ್ಲೇ ಇದೆ.

ಹುಡುಕಲು ಹೊರಡುವ ಮೊದಲು ಎರಡು ಮಾತು. ಬೆಳಕಿನ ಚಿಂತೆ ಬಿಟ್ಟುಬಿಡಿ. ಎರಡು ಮೂರು ದಿನ ಲೈಟ್ ಇಲ್ಲದಿದ್ದರೂ ಆರೋಗ್ಯವಾಗಿರುವ ಹವಳ ತಡೆದುಕೊಳ್ಳುತ್ತದೆ. ಮತ್ತೆ, ನೆಲದ ಮೇಲೆ ಉಪ್ಪುನೀರು ಇದ್ದರೆ ಪ್ಲಗ್ಗಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಕರೆಂಟ್ ಹೇಗೂ ಇಲ್ಲವಲ್ಲ ಅನ್ನಬೇಡಿ, ಅದು ನೀವು ಒದ್ದೆಯಲ್ಲಿ ನಿಂತಿರುವಾಗಲೇ ಬರುತ್ತದೆ.

ಮೊದಲ ಹತ್ತು ನಿಮಿಷ: ನೆಲ ಒದ್ದೆ

ಮೇಲಿನ ಟ್ಯಾಂಕಿನ ನೀರು ಕೆಳಗಿನ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತಿರುತ್ತದೆ. ಅದನ್ನು ಮತ್ತೆ ಮೇಲಕ್ಕೆ ತಳ್ಳುವುದು ರಿಟರ್ನ್ ಪಂಪ್. ಅದು ನಿಂತ ಕೂಡಲೇ ಮೇಲಿನ ಟ್ಯಾಂಕಿನಿಂದ ಇನ್ನಷ್ಟು ನೀರು ಸಂಪ್‌ಗೆ ಇಳಿಯುತ್ತದೆ. ಇಳಿಯಲೇಬೇಕು, ಅದು ದೋಷವಲ್ಲ. ಎಷ್ಟು ಇಳಿಯುತ್ತದೆ ಎಂಬುದಷ್ಟೇ ಪ್ರಶ್ನೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರು ಎಂದರೆ 5.4 ಲೀಟರ್. ಮೂರು ಸೆಂ.ಮೀ. ಇಳಿದರೆ 16 ಲೀಟರ್ ದಾಟಿತು. ಕೆಳಗೆ 75 ಸೆಂ.ಮೀ.ಗೆ 40 ಸೆಂ.ಮೀ. ಅಳತೆಯ ಸಂಪ್ ಇದ್ದರೆ ಅಲ್ಲಿ ನೀರು ಐದೂವರೆ ಸೆಂ.ಮೀ. ಏರುತ್ತದೆ. ಪೈಪಿನೊಳಗಿನದು, ಓವರ್‌ಫ್ಲೋ ಪೆಟ್ಟಿಗೆಯೊಳಗಿನದು (ಮೇಲಿನ ನೀರು ಸಂಪ್‌ಗೆ ಇಳಿಯುವ ಮೊದಲು ಬೀಳುವ ಜಾಗ) ಇದರ ಮೇಲೆ. ಸಂಪ್‌ನಲ್ಲಿ ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ನೆಲ ಒದ್ದೆಯಾಗುವುದು ಲೆಕ್ಕದಲ್ಲೇ ಇದೆ.

ಇಷ್ಟು ದಿನ ಉಕ್ಕದ ಸಂಪ್ ಇವತ್ತು ಉಕ್ಕಿದರೆ ಮೊದಲು ನೋಡಬೇಕಾದ್ದು ರಿಟರ್ನ್ ಪೈಪಿನ ಬಾಯಿ. ಅದು ನೀರಿನಲ್ಲಿ ಮುಳುಗಿದ್ದರೆ, ಪಂಪ್ ನಿಂತಾಗ ಅದೇ ಪೈಪು ಸೈಫನ್ ಆಗಿ ನೀರನ್ನು ಕೆಳಕ್ಕೆ ಎಳೆಯುತ್ತದೆ. ಬಾಯಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ. ಇದನ್ನು ತಡೆಯಲೆಂದೇ ನೀರಿನ ಮಟ್ಟದ ಹತ್ತಿರ ಪೈಪಿಗೆ ಒಂದು ಸಣ್ಣ ತೂತು ಕೊರೆದಿರುತ್ತೇವೆ. ಆ ತೂತು ಆರು ತಿಂಗಳಲ್ಲಿ ಪಾಚಿ ಕಟ್ಟಿಯೋ, ನೇರಳೆ ಬಣ್ಣದ ಸುಣ್ಣದ ಪಾಚಿ ಬೆಳೆದೋ ಮುಚ್ಚಿಹೋಗುತ್ತದೆ. ನನ್ನದರಲ್ಲಿ ಒಮ್ಮೆ ಉಗುರಿನಷ್ಟು ಚಿಕ್ಕ ಬಸವನಹುಳು ಸರಿಯಾಗಿ ಅಲ್ಲೇ ಕೂತಿತ್ತು, ಅಳತೆ ಕೊಟ್ಟು ಮಾಡಿಸಿದ ಬಿರಡೆಯ ಹಾಗೆ.

ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇದೆಯಲ್ಲ ಅನ್ನುವವರಿಗೆ ನನ್ನ ಉತ್ತರ ಒಂದೇ: ಉಪ್ಪುನೀರಿನಲ್ಲಿ ಚೆಕ್ ವಾಲ್ವನ್ನು ನಂಬಬೇಡಿ. ಒಳಗಿನ ಬಾಗಿಲಿಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಇದ್ದರೆ ಇರಲಿ, ಆದರೆ ಸಂಪ್‌ನ ಖಾಲಿ ಜಾಗ ಅದನ್ನು ನೆಚ್ಚಿಕೊಂಡಿರಬಾರದು.

ಒಂದು ಗಂಟೆಯಿಂದ ಆರು ಗಂಟೆ: ಉಸಿರು

ರೀಫ್ ಟ್ಯಾಂಕನ್ನು ಕೊಲ್ಲುವುದು ಹೆಚ್ಚಾಗಿ ಇದೇ. ನೀರು ಸಪ್ಪೆಯಾಗಿದ್ದರೆ 25 ಡಿಗ್ರಿಯಲ್ಲಿ ಒಂದು ಲೀಟರಿಗೆ 8 ಮಿಲಿಗ್ರಾಂಗೂ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ಅದೇ ಶಾಖದ ಸಮುದ್ರದ ನೀರು 7 ಮಿಲಿಗ್ರಾಂ ಕೂಡ ಹಿಡಿಯುವುದಿಲ್ಲ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಅಂದರೆ ಬಂಡವಾಳವೇ ಚಿಕ್ಕದು. ಅದರಲ್ಲಿ ಉಣ್ಣುವವರೋ, ಮೀನು ಮಾತ್ರವಲ್ಲ. ಹವಳ, ಹುಳು, ಏಡಿ, ಲೈವ್ ರಾಕ್ (ಜೀವಿಗಳು ನೆಲೆಸಿದ ಕಲ್ಲು) ತುಂಬ ಇರುವ ಬ್ಯಾಕ್ಟೀರಿಯಾ, ರಾತ್ರಿಯಾದರೆ ಪಾಚಿಯೂ ಸೇರಿಕೊಳ್ಳುತ್ತದೆ. ಪಂಪು ನಿಂತು ಮೇಲ್ಮೈ ಕನ್ನಡಿಯ ಹಾಗೆ ಸ್ತಬ್ಧವಾದರೆ ಹೊರಗಿನ ಗಾಳಿ ಒಳಗಿಳಿಯುವುದು ತೀರಾ ನಿಧಾನ.

ಲಕ್ಷಣಗಳು ಒಂದರ ಹಿಂದೆ ಒಂದು ಬರುತ್ತವೆ. ಮೀನಿಗಿಂತ ಮೊದಲು ನೋಡಬೇಕಾದ್ದು ಕಲ್ಲಿನ ಸಂದಿಯನ್ನು. ಹಗಲಲ್ಲಿ ಮುಖ ತೋರಿಸದ ಬ್ರಿಸಲ್ ವರ್ಮ್‌ಗಳು ಹೊರಗೆ ಬಂದು ಕಲ್ಲಿನ ಮೇಲ್ತುದಿಗೆ ಹತ್ತುತ್ತಿದ್ದರೆ, ಬಸವನಹುಳುಗಳು ಗಾಜಿನ ಮೇಲಂಚಿಗೆ ಸೇರಿಕೊಳ್ಳುತ್ತಿದ್ದರೆ ಎಚ್ಚರಾಗಬೇಕು. ಆಮೇಲೆ ಮೀನಿನ ಕಿವಿರು ಬೇಗಬೇಗ ಆಡುತ್ತದೆ. ಕೊನೆಗೆ ಮೇಲ್ಮೈಯಲ್ಲಿ ಬಾಯಿ ಬಡಿಯುವುದು. ಟ್ಯಾಂಗ್‌ನಂಥ ಸದಾ ಈಜಾಡುವ ದೊಡ್ಡ ಮೀನು ಮೊದಲು ಸೋಲುತ್ತದೆ. ಕ್ಲೌನ್ ಮೀನು ಸ್ವಲ್ಪ ಹೊತ್ತು ತಾಳುತ್ತದೆ. ಹವಳಗಳಲ್ಲಿ ಅಕ್ರೊಪೊರಾ ತೀರಾ ನಾಜೂಕು, ನೀರು ಅಲುಗದಿದ್ದರೆ ತನ್ನದೇ ಲೋಳೆಯ ಪದರದಡಿ ಉಸಿರುಗಟ್ಟುತ್ತದೆ. ಝೋವಾಂತಿಡ್, ಲೆದರ್ ಜಾತಿಯವು ಮುಚ್ಚಿಕೊಂಡು ಕಾಯುತ್ತವೆ.

ಕಿವಿರು ಬೇಗ ಆಡುವುದು ಅಮೋನಿಯಾದಿಂದಲೂ ಆಗುತ್ತದೆ. ಬೇರ್ಪಡಿಸುವ ದಾರಿ ಸುಲಭ: ಒಂದು ಮಗ್ಗಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಒಂದು ಅಡಿ ಎತ್ತರದಿಂದ ಮತ್ತೆ ಅದಕ್ಕೇ ಸುರಿಯಿರಿ, ಹತ್ತು ಹದಿನೈದು ನಿಮಿಷ ಬಿಡದೆ. ಮೀನು ಕೆಳಕ್ಕೆ ಹೋಗಿ ನೆಮ್ಮದಿಯಾದರೆ ಆಮ್ಲಜನಕವೇ ಕೊರತೆ. ಏನೂ ಬದಲಾಗದಿದ್ದರೆ ಅಮೋನಿಯಾ ಟೆಸ್ಟ್ ಕಿಟ್ ತೆಗೆಯಿರಿ. ಈ ಪರೀಕ್ಷೆಯೇ ಚಿಕಿತ್ಸೆಯೂ ಆಗುವುದರಿಂದ ಯೋಚಿಸುತ್ತ ಕೂರುವ ಅಗತ್ಯವಿಲ್ಲ. ಊಟ ಮಾತ್ರ ಹಾಕಲೇಬೇಡಿ. ಮೀನು ಎರಡು ಮೂರು ದಿನ ಉಪವಾಸ ಇರಬಲ್ಲದು, ಕೊಳೆಯುವ ಊಟ ಉಳಿದಿರುವ ಆಮ್ಲಜನಕವನ್ನೂ ತಿನ್ನುತ್ತದೆ.

ಬ್ಯಾಕಪ್ ಇತ್ತು, ಆದರೂ ಹೀಗಾಯಿತು

ಇದು ನನಗೇ ಆದದ್ದು. ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು. ಯುಎಸ್‌ಬಿ ಏರ್ ಪಂಪನ್ನು ತುಂಬ ಚಾರ್ಜ್ ಇದ್ದ ಪವರ್ ಬ್ಯಾಂಕಿಗೆ ಹಾಕಿ, ಏರ್ ಸ್ಟೋನ್ ಬಿಟ್ಟು, ಗುಳ್ಳೆ ಬರುವುದನ್ನು ನೋಡಿ ಮಲಗಿದೆ. ಎರಡು ಗಂಟೆಗೆ ಎಚ್ಚರವಾಯಿತು, ಯಾಕೆಂದರೆ ಮನೆ ತೀರಾ ನಿಶ್ಶಬ್ದವಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಕಲ್ಲಿನ ನೆತ್ತಿಯ ಮೇಲೆ ಏಳೆಂಟು ಬ್ರಿಸಲ್ ವರ್ಮ್‌ಗಳು ಅರ್ಧ ಮೈ ಹೊರಗೆ ಚಾಚಿ ತೂಗಾಡುತ್ತಿವೆ. ಕ್ಲೀನರ್ ಸಿಗಡಿ ಓವರ್‌ಫ್ಲೋ ಹಲ್ಲುಗಳಿಗೆ ಅಂಟಿಕೊಂಡು ಮೀಸೆಯನ್ನು ನೀರಿನಾಚೆ ಚಾಚಿದೆ. ಹಳದಿ ಟ್ಯಾಂಗ್ ಮೂತಿಯನ್ನು ಮೇಲ್ಮೈಗೆ ಒತ್ತಿ ನಿಂತಿದೆ. ಪವರ್ ಬ್ಯಾಂಕಿನ ದೀಪ ಆರಿದೆ. ಗುಂಡಿ ಒತ್ತಿದೆ, ಪಂಪು ಶುರುವಾಯಿತು. ಅರ್ಧ ನಿಮಿಷ. ಮತ್ತೆ ಆಫ್.

ಚಾರ್ಜ್ ಮುಗಿದಿರಲಿಲ್ಲ. ಪವರ್ ಬ್ಯಾಂಕ್ ಇರುವುದು ಫೋನಿಗೆ. ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ, ಫೋನ್ ತುಂಬಿತು ಅಂದುಕೊಂಡು ತಾನೇ ಆಫ್ ಆಗುವ ಹಾಗೆ ಎಷ್ಟೋ ಪವರ್ ಬ್ಯಾಂಕ್‌ಗಳನ್ನು ಮಾಡಿರುತ್ತಾರೆ. ಒಂದು ವ್ಯಾಟಿನ ಏರ್ ಪಂಪು ಅದರ ಲೆಕ್ಕಕ್ಕೇ ಇಲ್ಲ. ಇನ್ನೊಂದು ಪೋರ್ಟಿಗೆ ಪುಟ್ಟ ಯುಎಸ್‌ಬಿ ದೀಪ ಸಿಕ್ಕಿಸಿದೆ. ಹೊರೆ ಹೆಚ್ಚಾಯಿತು, ಪಂಪು ಬೆಳಗಿನ ತನಕ ಓಡಿತು. ನಿಮ್ಮದು ಹೀಗೆ ಮಾಡುತ್ತದೋ ಇಲ್ಲವೋ ತಿಳಿಯಲು ಪವರ್ ಬ್ಯಾಂಕಿಗೆ ಪಂಪು ಹಾಕಿ ಎರಡು ಗಂಟೆ ಬಿಟ್ಟು ಬನ್ನಿ. ಐದು ನಿಮಿಷದ ಪರೀಕ್ಷೆ ಸಾಲದು. ಕಡಿಮೆ ಹೊರೆಗೂ ಆರದೆ ಇರುವ ಬಗೆಯ ಪವರ್ ಬ್ಯಾಂಕುಗಳೂ ಇವೆ. ಅಂಥದ್ದಾದರೆ 10,000 ಎಂಎಎಚ್‌ನದು, ಅಂದರೆ ಸುಮಾರು 37 ವ್ಯಾಟ್-ಅವರ್, ಸೋರಿಕೆ ಎಲ್ಲ ಕಳೆದರೂ ಆ ಪಂಪನ್ನು ಒಂದು ದಿನ ಧಾರಾಳವಾಗಿ ಓಡಿಸುತ್ತದೆ.

ಏರ್ ಪಂಪಿನ ಇನ್ನೊಂದು ಕಿತಾಪತಿ: ಅದು ನೀರಿನ ಮಟ್ಟಕ್ಕಿಂತ ಕೆಳಗಿದ್ದು ನಿಂತುಹೋದರೆ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ಪವರ್ ಬ್ಯಾಂಕನ್ನೂ ನೆನೆಸುತ್ತದೆ. ಟ್ಯಾಂಕಿಗಿಂತ ಎತ್ತರದಲ್ಲಿಡಿ. ಏರ್ ಸ್ಟೋನ್ ಮೇಲಿನ ಟ್ಯಾಂಕಿನಲ್ಲಿರಬೇಕು. ರಿಟರ್ನ್ ನಿಂತ ಮೇಲೆ ಸಂಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಬ್ಯಾಟರಿ ನೇರ ಕೊಡುವವರು ಒಮ್ಮೆ ಲೆಕ್ಕ ಹಾಕಿ. 12 ವೋಲ್ಟ್ 7 ಆಂಪಿಯರ್-ಅವರ್ ಎಂದರೆ 84 ವ್ಯಾಟ್-ಅವರ್. ಟ್ಯಾಂಕಿನೊಳಗೆ ನೀರನ್ನು ಅಲುಗಿಸುವ 10 ವ್ಯಾಟಿನ ವೇವ್‌ಮೇಕರ್ ಕಾಗದದ ಮೇಲೆ ಎಂಟು ಗಂಟೆ ಓಡಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಹೋಗುತ್ತದೆ, ಹಾಗಾಗಿ ನಾಲ್ಕು ಗಂಟೆ ಅಂತಿಟ್ಟುಕೊಳ್ಳಿ. ಮೂರು ವರ್ಷ ಹಳೆಯದಾದರೆ ಅದೂ ಇಲ್ಲ. ಇನ್ವರ್ಟರಿಗೆ ಹಾಕಿದ ಎಸಿ ಪಂಪು ಗುಂಯ್‌ ಅಂದು ಬಿಸಿಯಾಗುತ್ತಿದ್ದರೆ, ಅಥವಾ ಅದುರುತ್ತಲೇ ಇದ್ದು ತಿರುಗದಿದ್ದರೆ, ಪಂಪನ್ನು ಬಿಚ್ಚುವ ಮೊದಲು ಇನ್ವರ್ಟರ್ ಸೈನ್ ವೇವ್‌ನದೋ ಸ್ಕ್ವೇರ್ ವೇವ್‌ನದೋ ನೋಡಿ. ಎರಡನೆಯದಾದರೆ ಡಿಸಿ ಪಂಪಿಗೆ ಬದಲಾಗುವುದೇ ಲೇಸು. ಬ್ಯಾಕಪ್ ಮೇಲೆ ಹೀಟರ್, ಲೈಟ್ ಹಾಕಿದ್ದರೆ ಈಗಲೇ ತೆಗೆಯಿರಿ. ಮೇಲ್ಮೈ ಕಡೆ ಮುಖ ಮಾಡಿದ ಒಂದು ಪುಟ್ಟ ವೇವ್‌ಮೇಕರ್ ಸಾಕು. ಜನರೇಟರ್ ಇದ್ದರೆ ಮನೆಯ ಹೊರಗೆ, ಕಿಟಕಿಯಿಂದ ದೂರ. ಅದರ ಹೊಗೆಗೆ ವಾಸನೆ ಬಾರದ ವಿಷವಿದೆ.

ಶಾಖ

ಇದು ನಿಧಾನದ ಶತ್ರು. ದೊಡ್ಡ ಟ್ಯಾಂಕಿನ ಶಾಖ ಗಂಟೆಗಟ್ಟಲೆ ಹೆಚ್ಚೇನೂ ಬದಲಾಗುವುದಿಲ್ಲ. ಪುಟ್ಟ ನ್ಯಾನೊ ಟ್ಯಾಂಕಿನಲ್ಲಿ ಮಾತ್ರ ಬೇಗ. ರೂಢಿಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಅಲ್ಲೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಉಗುಳಿ ಬಿಳಿಚಿಕೊಳ್ಳುತ್ತದೆ. ಮುಚ್ಚಳ ತೆಗೆದು ಬೀಸಣಿಗೆ ಬೀಸಿದರೂ ಆವಿಯಾಗಿ ಸ್ವಲ್ಪ ತಣಿಯುತ್ತದೆ. ಐಸ್ ಬೇಕಾದರೆ ಮುಚ್ಚಿದ ಬಾಟಲಿಯಲ್ಲೇ ಇಳಿಬಿಡಿ: ಒಂದು ಲೀಟರಿನ ಹೆಪ್ಪುಗಟ್ಟಿದ ಬಾಟಲಿ 200 ಲೀಟರ್ ನೀರನ್ನು ಸುಮಾರು ಅರ್ಧ ಡಿಗ್ರಿ ಇಳಿಸುತ್ತದೆ, ಆದ್ದರಿಂದ ನಾಲ್ಕೈದನ್ನು ಒಟ್ಟಿಗೆ ಹಾಕುವ ಆತುರ ಬೇಡ. ಚಳಿಯಾದರೆ ಟ್ಯಾಂಕಿನ ಸುತ್ತ ಕಂಬಳಿ ಹೊದಿಸಿ, ಆದರೆ ಮೇಲ್ಮೈ ಮುಚ್ಚಬೇಡಿ. ಅಲ್ಲಿಂದಲೇ ಉಸಿರು.

ಕರೆಂಟ್ ಬಂತು, ಟ್ಯಾಂಕ್ ಏಳಲಿಲ್ಲ

ಮನೆಯೆಲ್ಲ ಬೆಳಗಿ ಟ್ಯಾಂಕ್ ಮಾತ್ರ ಕತ್ತಲಲ್ಲಿದ್ದರೆ, ಕರೆಂಟ್ ಸೋರಿದಾಗ ತಾನೇ ಆಫ್ ಆಗುವ ಸ್ವಿಚ್, ಅಂದರೆ ಇಎಲ್‌ಸಿಬಿ ಬಿದ್ದಿರುತ್ತದೆ. ಸುಮ್ಮನೆ ಮೇಲೆತ್ತಬೇಡಿ. ಟ್ಯಾಂಕಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಒಣಗಿದ ಕೈಯಲ್ಲಿ ಸ್ವಿಚ್ ಎತ್ತಿ, ಒಂದೊಂದೇ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ನಾನು ಹೀಟರಿನಿಂದ ಶುರುಮಾಡುತ್ತೇನೆ, ಗಾಜು ಬಿರುಕು ಬಿಟ್ಟ ಹೀಟರೇ ಇದಕ್ಕೆ ಪ್ರಸಿದ್ಧ. ಎಲ್ಲವೂ ಸರಿಯಿದ್ದು ಮತ್ತೆ ಬಿದ್ದರೆ ಪ್ಲಗ್ಗಿನ ಪಿನ್ನುಗಳ ಸುತ್ತ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರಿದ್ದರೆ ಹರಿದು ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ.

ರಿಟರ್ನ್ ಪಂಪ್ ಗುಂಯ್‌ ಅನ್ನುತ್ತದೆ, ನೀರು ಬರುವುದಿಲ್ಲ: ವರ್ಷಗಟ್ಟಲೆ ನಿಲ್ಲದೆ ಓಡಿದ ಪಂಪಿನ ರೋಟರಿಗೆ ಸುಣ್ಣ ಕಟ್ಟಿರುತ್ತದೆ. ಓಡುತ್ತಿರುವ ತನಕ ಗೊತ್ತಾಗುವುದಿಲ್ಲ, ನಿಂತ ಮೇಲೆ ಹಿಡಿದುಕೊಳ್ಳುತ್ತದೆ. ಪ್ಲಗ್ ಕಿತ್ತು ಬಿಚ್ಚಿ, ವಿನೆಗರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ. ಸದ್ದು ಹಗುರವಾಗಿದ್ದು ಗೊಳಗೊಳ ಅಂದರೆ ಒಳಗೆ ಗಾಳಿ ಸಿಕ್ಕಿದೆ. ಆಫ್ ಮಾಡಿ, ವಾಲಿಸಿ, ಗುಳ್ಳೆ ಬಿಡಿಸಿ. ನೀರು ಬರುತ್ತದೆ ಆದರೆ ಅರ್ಧಕ್ಕರ್ಧ ಕಡಿಮೆ ಎಂದಾದರೆ ಚಿಕ್ಕ ಎಸಿ ಪಂಪು ಉಲ್ಟಾ ತಿರುಗುತ್ತಿರಬಹುದು, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಪಂಪು ಏಳದೆ ಗಂಟೆಗಳಾಗಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ: ಹೀಟರ್ ಇರುವ ಸಂಪ್ ಬೆಚ್ಚಗಿರುತ್ತದೆ, ಮೇಲಿನ ಟ್ಯಾಂಕ್ ತಣ್ಣಗಿರುತ್ತದೆ.

ಕರೆಂಟ್ ಬಂದ ಮೇಲೆ ಮೇಲಿನ ಟ್ಯಾಂಕೇ ಉಕ್ಕಿದರೆ? ಗಾಜಿನ ಅಂಚಿಗೆ ನೇತುಹಾಕುವ ಯು-ಪೈಪಿನ ಓವರ್‌ಫ್ಲೋ ಇದ್ದವರಿಗೆ ಇದು ಬರುತ್ತದೆ. ನಿಂತ ಹೊತ್ತಿನಲ್ಲಿ ಯು-ಪೈಪಿನೊಳಗೆ ಗಾಳಿ ಸೇರಿ ಸೈಫನ್ ಕಡಿದಿದೆ. ಪಂಪು ಮೇಲಕ್ಕೆ ತುಂಬುತ್ತಲೇ ಇದೆ, ಕೆಳಗಿಳಿಯುವ ದಾರಿ ಇಲ್ಲ. ಕೊನೆಗೆ ಸಂಪ್ ಬರಿದಾಗಿ ಪಂಪು ಒಣಗಿ ಓಡುತ್ತದೆ, ನೀರಿನಾಚೆ ಉಳಿದ ಹೀಟರ್ ಒಡೆಯುತ್ತದೆ. ಆಮೇಲೆ ಇಎಲ್‌ಸಿಬಿ. ಒಂದೇ ಗುಳ್ಳೆ ಇಷ್ಟೆಲ್ಲ ಮಾಡುತ್ತದೆ. ಗಾಜು ಕೊರೆಸಿದ ಓವರ್‌ಫ್ಲೋ ಸಿಗುವ ತನಕ ಇಂಥವರು ರಿಟರ್ನ್ ಪಂಪನ್ನು ಕೈಯಾರೆ ಮಾತ್ರ ಶುರುಮಾಡುವುದು ಒಳ್ಳೆಯದು.

ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಕಪ್ಪು ನೊರೆ ಉಕ್ಕಿಸಿದರೆ ಗಾಬರಿ ಬೇಡ. ಸಂಪ್‌ನ ಮಟ್ಟ ಮಾಮೂಲಿಗೆ ಇಳಿಯುವ ತನಕ ಆಫ್ ಇಡಿ, ಅಷ್ಟೇ.

ಟೈಮರುಗಳದು ಸದ್ದಿಲ್ಲದ ಕೆಲಸ. ತಿರುಗುವ ಮುಳ್ಳಿನ ಟೈಮರ್ ಐದು ಗಂಟೆ ಕರೆಂಟ್ ಇಲ್ಲದಿದ್ದರೆ ಐದು ಗಂಟೆ ಹಿಂದುಳಿಯುತ್ತದೆ, ಲೈಟ್ ನಡುರಾತ್ರಿ ತನಕ ಉರಿಯುತ್ತದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತ ಡಿಜಿಟಲ್ ಟೈಮರ್ ಸಮಯವನ್ನೇ ಮರೆಯುತ್ತದೆ. ವೇವ್‌ಮೇಕರ್ ಕಂಟ್ರೋಲರ್ ಕೆಲವೊಮ್ಮೆ ನಿಮ್ಮ ಸೆಟ್ಟಿಂಗ್ ಬಿಟ್ಟು ಪೂರ್ತಿ ವೇಗಕ್ಕೆ ಹೋಗುತ್ತದೆ. ಮರಳು ಎದ್ದು ಹವಳದ ಮೇಲೆ ಕೂತಿದ್ದರೆ ಇದೇ ಕಾರಣ. ಅತಿ ಕೆಟ್ಟದ್ದು ಡೋಸಿಂಗ್ ಪಂಪ್. ಗಡಿಯಾರ ಮೊದಲಿನಿಂದ ಶುರುವಾಗಿ ಒಂದು ದಿನದ ಡೋಸನ್ನು ಎರಡು ಸಲ ಹಾಕಿದರೆ ಕ್ಷಾರತೆ ಜಿಗಿದು ನೀರು ಹಾಲಿನಂತೆ ಬೆಳ್ಳಗಾಗಬಹುದು.

ಮರುದಿನ

ಕರೆಂಟ್ ಇಲ್ಲದಾಗ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಪಿಎಚ್ ಇಳಿದಿರುತ್ತದೆ. ಆಗ ಅಮೋನಿಯಾದ ವಿಷವೂ ಸ್ವಲ್ಪ ಅಡಗಿರುತ್ತದೆ. ಪಂಪು ಓಡಿ ಗಾಳಿ ಸೇರಿ ಪಿಎಚ್ 7.8ರಿಂದ 8.2ಕ್ಕೆ ಏರಿದರೆ ಅದೇ ಅಮೋನಿಯಾದ ವಿಷದ ಪಾಲು ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ರಾತ್ರಿಯೆಲ್ಲ ತಡೆದ ಮೀನು ಬೆಳಿಗ್ಗೆ ಎಲ್ಲ ಸರಿಯಾದ ಮೇಲೆ ಒದ್ದಾಡಲು ಇದೂ ಒಂದು ಕಾರಣ. ಟೆಸ್ಟ್ ಬಣ್ಣ ತೋರಿಸಿದರೆ ಐದನೇ ಒಂದು ಭಾಗ ನೀರು ಬದಲಾಯಿಸಿ, ಕಲ್ಲಿನ ಸಂದಿಯಲ್ಲಿ ಸತ್ತದ್ದೇನಾದರೂ ಸಿಕ್ಕಿದೆಯಾ ಹುಡುಕಿ. ಸತ್ತ ಬಸವನಹುಳು ಒಂದಿದ್ದರೂ ಮೂಗಿಗೆ ಗೊತ್ತಾಗುತ್ತದೆ.

ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವಂಥದ್ದು) ಅಥವಾ ಮುಚ್ಚಿದ ರಿಯಾಕ್ಟರ್ ಇದ್ದು ಗಂಟೆಗಟ್ಟಲೆ ನಿಂತಿದ್ದರೆ ಹಾಗೇ ಶುರುಮಾಡಬೇಡಿ. ಒಳಗಿನ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ ಬರುತ್ತಿರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಆ ನೀರನ್ನು ಚೆಲ್ಲಿ, ಟ್ಯಾಂಕಿನ ನೀರಿನಲ್ಲೇ ತೊಳೆದು ಆಮೇಲೆ ಹಾಕಿ.

ಉಪ್ಪಿನ ಅಂಶವನ್ನು ಯಾರೂ ನೋಡುವುದಿಲ್ಲ. 200 ಲೀಟರಿನ ವ್ಯವಸ್ಥೆಯಿಂದ ಹತ್ತು ಲೀಟರ್ ಉಪ್ಪುನೀರು ನೆಲಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ನೀವು ನೆಲ ಒರೆಸುವ ಹೊತ್ತಿಗೆ, ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೊ ಟಾಪ್-ಅಪ್ ಆ ಹತ್ತು ಲೀಟರನ್ನೂ ಸಪ್ಪೆ ನೀರಿನಿಂದ ತುಂಬಿರುತ್ತದೆ. ಸಾವಿರಕ್ಕೆ 35 ಇದ್ದದ್ದು 33ರ ಹತ್ತಿರಕ್ಕೆ ಬರುತ್ತದೆ. ಟಾಪ್-ಅಪ್‌ನ ಕೊಳವೆಯ ತುದಿ ಸಂಪ್ ನೀರಿನಲ್ಲಿ ಮುಳುಗಿದ್ದರೂ ಇದೇ ಕಥೆ: ಪಂಪು ಆಫ್ ಇದ್ದರೂ ಡಬ್ಬಿ ಎತ್ತರದಲ್ಲಿದ್ದರೆ ಸೈಫನ್ ಆಗಿ ಹರಿಯುತ್ತಲೇ ಇರುತ್ತದೆ. ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ, ಕಡಿಮೆಯಿದ್ದರೆ ಟಾಪ್-ಅಪ್‌ಗೆ ಉಪ್ಪುನೀರು ಹಾಕಿ ಎರಡು ದಿನದಲ್ಲಿ ನಿಧಾನ ಏರಿಸಿ.

ನೀವೇ ಕರೆಂಟ್ ತೆಗೆದು ನೋಡಿ

ರಜೆಯ ಬೆಳಿಗ್ಗೆ, ಎಚ್ಚರವಾಗಿದ್ದು ಮನೆಯಲ್ಲೇ ಇರುವಾಗ, ಟ್ಯಾಂಕಿನ ಮೇನ್ ಸ್ವಿಚ್ ಆಫ್ ಮಾಡಿ ಸಂಪ್ ಎದುರು ಕೂರಿ. ನೀರು ಏರಿ ನಿಂತ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಇಪ್ಪತ್ತು ನಿಮಿಷ ಬಿಟ್ಟು ಆನ್ ಮಾಡಿ: ಯಾವ ಪಂಪು ಎದ್ದಿತು, ಯಾವ ಗಡಿಯಾರ ತಪ್ಪಿತು, ಸ್ಕಿಮ್ಮರ್ ಎಷ್ಟು ಹೊತ್ತು ಉಕ್ಕಿತು, ಬರೆದಿಟ್ಟುಕೊಳ್ಳಿ. ಬ್ಯಾಕಪ್ಪನ್ನು ಇನ್ನೊಂದು ದಿನ, ರಾತ್ರಿಯಿಡೀ ಓಡಿಸಿ ನೋಡಿ. ಪ್ರತಿ ಪ್ಲಗ್ಗಿಗೂ ಟೇಪ್ ಅಂಟಿಸಿ ಹೆಸರು ಮತ್ತು ಶುರುಮಾಡುವ ಕ್ರಮದ ಅಂಕಿ ಬರೆದಿದ್ದೇನೆ: 1 ವೇವ್‌ಮೇಕರ್, 2 ರಿಟರ್ನ್, 3 ಹೀಟರ್, 4 ಸ್ಕಿಮ್ಮರ್, 5 ಟಾಪ್-ಅಪ್, 6 ಡೋಸಿಂಗ್, 7 ಲೈಟ್. ನಾನು ಊರಲ್ಲಿಲ್ಲದಾಗ ಮನೆಯವರು ಟಾರ್ಚ್ ಹಿಡಿದು ಓದುವುದು ಅದನ್ನೇ, ಹಾಗಾಗಿ ಅಕ್ಷರ ದಪ್ಪಗಿರಲಿ.